ಫ್ಯಾನ್ ದೋಣಿಯ ಪರವಾಗಿ ನಾನು ಮಾಡಿದ ವಕಾಲತ್ತು

ಮಾತಿನಲ್ಲಿ ನನ್ನನ್ನು ಸೋಲಿಸುವವರು ಸಿಂಗಾಪುರಕ್ಕೆ ಇನ್ನೂ ಬಂದಿಳಿದಿಲ್ಲ ಎಂದು ನಾನು ನಂಬಿದ್ದ ಕಾಲವದು. ರಾಫೆಲ್ಸ್ ಪ್ಲೇಸಿನ ಆಫೀಸಿನಲ್ಲಿ ದಿನವಿಡೀ ಪ್ರೆಸೆಂಟೇಷನ್ ಕೊಡುವವಳು ನಾನು. ಹಾಗಾಗಿ ಪಾಸಿರ್ ರಿಸ್‌ನ ನಮ್ಮ ದೋಣಿ ಕ್ಲಬ್ಬಿನ ಅಧ್ಯಕ್ಷ ಟಾನ್ ಅಂಕಲ್, "ಸುಮಾ, ಮೀಟಿಂಗ್‌ನಲ್ಲಿ ನೀನೇ ಮಾತಾಡಬೇಕು ಲಾ" ಎಂದು ಇಲ್ಲಿಯವರ ಬಾಲಂಗೋಚಿ 'ಲಾ' ಹಚ್ಚಿ ಹೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಬೇಕಿತ್ತು!

ನಮ್ಮದು ಏರ್‌ಬೋಟ್ ಕ್ಲಬ್. ಚಪ್ಪಟೆ ತಳದ ದೋಣಿ, ಹಿಂದುಗಡೆ ಆಳೆತ್ತರದ ಫ್ಯಾನು. ಫ್ಯಾನು ಹಿಂದಕ್ಕೆ ಗಾಳಿ ತಳ್ಳಿದರೆ ದೋಣಿ ಮುಂದಕ್ಕೆ ಓಡುತ್ತದೆ. ಕ್ಲಬ್ಬಿನ ಸಮಸ್ತ ಆಸ್ತಿ ಅದೊಂದೇ ದೋಣಿ. ಭಾನುವಾರ ಅದರಲ್ಲಿ ಹೋಗಿ, ಪಕ್ಕದಲ್ಲೇ ಸಮುದ್ರ ಸೇರುವ ಹೊಳೆಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಎತ್ತುತ್ತಿದ್ದೆವು. ಅಕ್ಕಪಕ್ಕದ ವಸತಿ ಬ್ಲಾಕುಗಳ ಅಜ್ಜ-ಅಜ್ಜಿಯರನ್ನು ಒಂದು ಸುತ್ತು ಕರೆದೊಯ್ಯುತ್ತಿದ್ದೆವು. ತೊಂದರೆಯೆಂದರೆ ನೀರಿಗಿಳಿಯಲು ಸರಿಯಾದ ದಾರಿಯೇ ಇರಲಿಲ್ಲ. ದಡದ ತುಂಬ ಬಂಡೆಗಳು, ನಡುವೆ ದೋಣಿ ಜಾರುವಷ್ಟು ಒಂದು ಸಂದು. ದೋಣಿ ಇಳಿಸುವುದೇನೋ ಸುಲಭ, ಮೇಲೆ ಹತ್ತಿಸುವುದು ದೇವರಿಗೇ ಪ್ರೀತಿ. ಅಜ್ಜಿಯರನ್ನಂತೂ ಕುರ್ಚಿ ಸಮೇತ ಹೊತ್ತು ಇಳಿಸಬೇಕಿತ್ತು.

ಒಂದು ರ್‍ಯಾಂಪ್ ಕಟ್ಟಿಕೊಡಿ ಎನ್ನುವುದು ನಮ್ಮ ಬೇಡಿಕೆ. ಆ ಫ್ಯಾನಿನ ಸದ್ದು ಸಹಿಸಲಾರೆ, ಕಟ್ಟಬೇಡಿ ಎನ್ನುವುದು ಎದುರಿನ ಬ್ಲಾಕಿನ ವಾಂಗ್ ಆಂಟಿಯ ಬೇಡಿಕೆ. ಇಬ್ಬರ ಅಹವಾಲನ್ನೂ ಕೇಳಲು ಸರ್ಕಾರಿ ಅಧಿಕಾರಿಣಿಯೊಬ್ಬರು ದಡಕ್ಕೇ ಬರುವವರಿದ್ದರು.

ಆ ಬೆಳಿಗ್ಗೆ ಎಲ್ಲ ಏರ್ಪಾಟೂ ನನ್ನದೇ. ನನ್ನ ಗಂಡ ರವಿ ಟ್ಯಾಂಪಿನೀಸ್‌ನ ನಮ್ಮ ಮನೆಯಿಂದ ದೊಡ್ಡ ಪಾತ್ರೆಯ ತುಂಬ ಚಿತ್ರಾನ್ನ ಹೊತ್ತು ತಂದಿದ್ದರು. ಶಾಮಿಯಾನದ ಮುಂದಿನ ಹುಲ್ಲಿನ ಮೇಲೆ ದೋಣಿಯನ್ನು ಪ್ರದರ್ಶನಕ್ಕಿಟ್ಟಿದ್ದೆವು.

"ರೀ, ದೋಣಿ ಮೂತಿ ನೀರಿನ ಕಡೆ ತಿರುಗಿಸಿ. ಫೋಟೋ ಚೆನ್ನಾಗಿ ಬರುತ್ತೆ."

"ಆಗ ಫ್ಯಾನು ಶಾಮಿಯಾನದ ಕಡೆ ಬರುತ್ತಲ್ಲೇ?"

"ಬರ್ಲಿ ಬಿಡಿ. ಅದನ್ನ ಈಗ ಯಾರು ಆನ್ ಮಾಡ್ತಾರೆ?"

ಮರಕ್ಕೆ ಕಟ್ಟಿದ್ದ ಹಗ್ಗವನ್ನೂ ಬಿಚ್ಚಿಸಿದೆ. ಹಸು ಕಟ್ಟಿದ ಹಾಗೆ ಕಾಣುತ್ತಿತ್ತು!

ಅಧಿಕಾರಿಣಿ ಬಿಳಿ ಶರ್ಟಿನಲ್ಲಿ ಬಂದು ಶಾಮಿಯಾನದಡಿ ಚಿತ್ರಾನ್ನದ ಮೇಜಿನ ಪಕ್ಕ ಕುಳಿತರು. ನಾನು ದೋಣಿಯನ್ನೇ ವೇದಿಕೆ ಮಾಡಿಕೊಂಡು ಭಾಷಣ ಆರಂಭಿಸಿದೆ. "ಮಾನ್ಯರೇ, ಈ ದೋಣಿಗೆ ನೀರೊಳಗೆ ಬ್ಲೇಡಿಲ್ಲ, ಮೀನಿಗೆ ಅಪಾಯವಿಲ್ಲ. ಸದ್ದೋ, ನಮ್ಮನೆ ಮಿಕ್ಸಿಗಿಂತ ಒಂಚೂರು ಜಾಸ್ತಿ, ಅಷ್ಟೇ!"

ಚಪ್ಪಾಳೆ ಬಿತ್ತು. ವಾಂಗ್ ಆಂಟಿ ಎದ್ದು ನಿಂತರು. "ಹಾಗಾದ್ರೆ ಆನ್ ಮಾಡಿ ತೋರಿಸು ಲಾ!"

ದೋಣಿ ಓಡಿಸುವ ಟಾನ್ ಅಂಕಲ್ ಅಜ್ಜಿಯರನ್ನು ಕರೆತರಲು ಹೋಗಿದ್ದರು. ರವಿ ಪಿಸುಗುಟ್ಟಿದರು: "ಅಂಕಲ್ ಬರ್ಲಿ ಇರು."

"ದೋಣಿ ಓಡಿಸೋ ಎರಡು ಕ್ಲಾಸ್ ಅಟೆಂಡ್ ಮಾಡಿದೀನಿ ರೀ!" ಎಂದು ಕೀ ತಿರುಗಿಸಿದೆ.

ಮಿಕ್ಸಿಯಲ್ಲ, ವಿಮಾನ! ತಲೆಯ ಹಿಂದೆಯೇ ವಿಮಾನ ಹೊರಟಂಥ ಸದ್ದು. ಗಾಬರಿಯಲ್ಲಿ ಆಫ್ ಮಾಡಲು ಹೋಗಿ ವೇಗದ ಲಿವರನ್ನು ಪೂರ್ತಿ ತಳ್ಳಿದೆ. ತಿರುಗಿ ನೋಡಿದರೆ ಶಾಮಿಯಾನ ಒಂದೇ ಕಾಲಿನ ಮೇಲೆ ನಿಂತಿತ್ತು. ಚಿತ್ರಾನ್ನ ಪಾತ್ರೆಯಲ್ಲಿರಲಿಲ್ಲ. ಅಧಿಕಾರಿಣಿಯ ಮೇಲಿತ್ತು! ಬಿಳಿ ಶರ್ಟು ಅರಿಶಿನವಾಗಿತ್ತು, ಕನ್ನಡಕದ ಮೇಲೊಂದು ಕರಿಬೇವಿನೆಲೆ. ಅವರ ಬಾಯಿ ತೆರೆದೇ ಇತ್ತು. ನನ್ನದೂ.

ಆಘಾತ ಅಲ್ಲಿಗೇ ಮುಗಿಯಲಿಲ್ಲ. ಒದ್ದೆ ಹುಲ್ಲು, ಹಗ್ಗವಿಲ್ಲದ ದೋಣಿ! ಅದು ನನ್ನನ್ನು ಹೊತ್ತುಕೊಂಡು ಸರ್ರನೆ ಜಾರಿ, ಸಂದಿನಲ್ಲಿ ಇಳಿದು, ಇಳಿತಕ್ಕೆ ನೀರು ಹಿಂದೆ ಸರಿದಿದ್ದ ಕೆಸರಿನಲ್ಲಿ ಧೊಪ್ಪನೆ ಹೂತಿತು. ಎಂಜಿನ್ ತಾನಾಗಿಯೇ ನಿಂತಿತು.

"ಸುಮಾ, ಬದುಕಿದೀಯೇನೇ?" ರವಿ ದಡದಿಂದ ಕೂಗಿದರು.

"ಬದುಕಿದೀನಿ ರೀ. ಇಲ್ಲೇ ಇರ್ತೀನಿ. ಅವರೆಲ್ಲ ಮನೆಗೆ ಹೋದ್ಮೇಲೆ ಬನ್ನಿ!"

ಆದರೆ ಯಾರೂ ಹೋಗಲಿಲ್ಲ. ಹಗ್ಗ ಎಸೆದರು. ರವಿ, ಕ್ಲಬ್ಬಿನವರು, ಬ್ಲಾಕಿನವರು ಎಳೆದರೂ ದೋಣಿ ಕದಲಲಿಲ್ಲ. ನನ್ನ ಪ್ರತಿಪಕ್ಷವಾದ ವಾಂಗ್ ಆಂಟಿಯೇ ಸೆರಗು ಬಿಗಿಯುವಂತೆ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಜಗ್ಗಿದರು. ಕೊನೆಗೆ ಅಧಿಕಾರಿಣಿಯೂ ಕೈಹಾಕಿದರು. ಬಂಡೆಯ ಮೇಲೆ ಕಾಲಿಟ್ಟರು, ಜಾರಿದರು, ಶೂ ಕೆಸರಿನ ಪಾಲಾಯಿತು.

"ಇಲ್ಲಿ ಇಳಿಯೋಕೆ ಬೇರೆ ದಾರಿನೇ ಇಲ್ವಾ?" ಎಂದು ಕಿರುಚಿದರು.

ಆಗಷ್ಟೇ ಅಜ್ಜಿಯರೊಂದಿಗೆ ಬಂದ ಟಾನ್ ಅಂಕಲ್ ನನ್ನನ್ನೂ ಶಾಮಿಯಾನವನ್ನೂ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. "ನಾವೂ ಅದನ್ನೇ ಕೇಳ್ತಿರೋದು ಮೇಡಂ" ಎಂದರು ಮೆಲ್ಲಗೆ.

ಕೆಲವು ತಿಂಗಳಲ್ಲಿ ರ್‍ಯಾಂಪ್ ಬಂದೇ ಬಂತು! ನನ್ನ ಭಾಷಣದಿಂದಲ್ಲ, ಆ ಶೂವಿನಿಂದ. ಜೊತೆಗೊಂದು ಬೋರ್ಡೂ ಬಂತು: ಕೈಯಿಂದ ಹುಟ್ಟು ಹಾಕುವ ದೋಣಿಗಳಿಗೆ ಮಾತ್ರ ಪ್ರವೇಶ. ಫ್ಯಾನ್ ದೋಣಿಯ ಪರ ವಾದಿಸಿದ ನಾನೇ ಅದನ್ನು ಹೊಳೆಯಿಂದ ಗಡಿಪಾರು ಮಾಡಿಸಿದ್ದೆ. ಕ್ಲಬ್ಬಿನವರು ಅದನ್ನು ಮಾರಿ, ಹುಟ್ಟು ಹಾಕುವ ಕಿರಿದಾದ ದೋಣಿಗಳಾದ ಕಯಾಕ್‌ಗಳನ್ನು ಕೊಂಡರು. ಅಜ್ಜಿಯರು ಈಗ ನಡೆದುಕೊಂಡೇ ಇಳಿದು, ಹುಟ್ಟು ಹಾಕುವವರ ಮುಂದೆ ರಾಣಿಯರಂತೆ ಕೂರುತ್ತಾರೆ.

ಮೊದಲ ದಿನ ನನಗೂ ಒಂದು ಕಯಾಕ್ ಕೊಟ್ಟರು, ಒಬ್ಬಳಿಗೇ. ಸಕಲ ಶಕ್ತಿ ಹಾಕಿ ಹುಟ್ಟು ಹಾಕಿದೆ. ಅದು ಇದ್ದಲ್ಲೇ ಗಿರಗಿರನೆ ಸುತ್ತಿತು. ಮತ್ತೆ ಹಾಕಿದೆ, ಮತ್ತೆ ಸುತ್ತಿತು.

ದಡದಲ್ಲಿ ಜಾಗಿಂಗ್ ಮಾಡುತ್ತಿದ್ದ ಅಪರಿಚಿತರೊಬ್ಬರು ನಿಂತು ಬಹಳ ಹೊತ್ತು ನೋಡಿ, ಗೌರವದಿಂದ ಕೇಳಿದರು: "ಇದು ಯಾವುದಾದ್ರೂ ಹೊಸ ಎಕ್ಸರ್‌ಸೈಜಾ ಮೇಡಂ?"

"ಹೌದು" ಎಂದೆ. ಅವರ ಕಡೆ ತಿರುಗಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಕಯಾಕ್ ನನ್ನ ಬೆನ್ನನ್ನು ಅವರಿಗೆ ತೋರಿಸಿಬಿಟ್ಟಿತ್ತು.