ಅಣವೀರಪ್ಪನವರ ನಿಷ್ಕ್ರಿಮಿ ಕೌದಿ

"ನನ್ನ ಮೊಮ್ಮಗು ಮಲಗೂ ಕೌದಿ ಮ್ಯಾಲೆ ಒಂದ ಕ್ರಿಮಿನೂ ಕಾಲಿಡಬಾರದು!"

ಜೋಗೇಶ್ವರಿಯ ಚಾಳಿನ ಅಣವೀರಪ್ಪನವರು ಪೂಜೆ ಮುಗಿಸಿ, ವಿಭೂತಿ ಒಣಗುವ ಮುನ್ನವೇ ಈ ಶಪಥಗೈದರು. ಪರಮಾತ್ಮನು ಮನುಷ್ಯನಿಗೆ ಬುದ್ಧಿಯನ್ನು ಧಾರಾಳವಾಗಿ ಕೊಟ್ಟ; ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮಾತ್ರ ಪೆಟ್ಟು ತಿಂದೇ ಕಲಿಯಲೆಂದು ಬಿಟ್ಟ!

ಮಗಳು ವಿನೋದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟುವ ಕೂಸಿಗೆಂದು ಹೆಂಡತಿ ಅಂಬವ್ವ ಟ್ರಂಕಿನ ತಳದಿಂದ ತೆಗೆದ ಕೌದಿ ಸಾಮಾನ್ಯದ್ದಲ್ಲ. ಅವಳ ತಾಯಿ ಕಡೆಗಾಲದಲ್ಲಿ ತನ್ನ ಸೀರೆಗಳನ್ನೆಲ್ಲ ಕತ್ತರಿಸಿ, ಮಂಜುಗಣ್ಣಿನಲ್ಲೇ ಹೊಲಿದದ್ದು. "ಇದು ಅವ್ವನ ಮದವಿ ಸೀರಿ, ಇದು ನಾ ಹುಟ್ಟಿದಾಗ ಉಟ್ಟಿದ್ದು" ಎಂದು ಅಂಬವ್ವ ತುಂಡುತುಂಡನ್ನೂ ಬಲ್ಲಳು. ತಾಯಿ ತೀರಿದ ಮೇಲೆ, ಅವಳ ಮೈವಾಸನೆ ಹೋದೀತೆಂದು ಅದಕ್ಕೆ ನೀರು ಸೋಕಿಸಿರಲಿಲ್ಲ.

ಅದೇ ಅಣವೀರಪ್ಪನವರನ್ನು ಕೆರಳಿಸಿತು. ವಿಕ್ರೋಳಿಯ ಬಟ್ಟೆ ಪರೀಕ್ಷಿಸುವ ಲ್ಯಾಬೊಂದರಲ್ಲಿ ಇಪ್ಪತ್ತು ವರ್ಷ ಪಾತ್ರೆ ತೊಳೆದ ಮಹಾನುಭಾವರು ಅವರು!

"ಬೇವಿನೆಲಿ, ದಾಳಿಂಬ್ರ ಸಿಪ್ಪಿ ಕುದಿಸಿ ಆ ಕಷಾಯದಾಗ ಅರಿವಿ ಅದ್ದಿದ್ರ ಕ್ರಿಮಿ ಬೆಳಿಯೂದಿಲ್ಲ. ಸಾಹೇಬ್ರು ಮಾಡೂದು ಕಣ್ಣಾರೆ ನೋಡೀನಿ!"

"ನೋಡೂದು ಬ್ಯಾರೆ, ಮಾಡೂದು ಬ್ಯಾರೆ. ನಮ್ಮವ್ವನ ಕೌದಿ ಮುಟ್ಟಬ್ಯಾಡ್ರಿ."

"ಸೈನ್ಸ್ ನಿನಗೇನ್ ತಿಳಿತೈತಿ?"

ತಾಯಿ, ಮಗಳು ತಪಾಸಣೆಗೆಂದು ಅಂಧೇರಿಯ ಆಸ್ಪತ್ರೆಗೆ ಹೊರಟದ್ದೇ ತಡ, ಸೈನ್ಸು ಚಾಳಿನ ಅಂಗಳಕ್ಕಿಳಿಯಿತು! ಕೌದಿ ಹಿಡಿಸುವ ಪಾತ್ರೆ ಸಿಗದೆ, ಅಣವೀರಪ್ಪನವರು ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮನ್ನೇ ಇಟ್ಟಿಗೆಯ ಒಲೆಗೇರಿಸಿದರು. ಲ್ಯಾಬಿನಲ್ಲಿ ಸ್ಟೀಲಿನ ಪಾತ್ರೆಯೇ ಏಕೆಂದು ತೊಳೆಯುವವರು ಕೇಳಿರಲಿಲ್ಲ, ಸಾಹೇಬರು ಹೇಳಿರಲಿಲ್ಲ. ದಾಳಿಂಬೆಯ ಒಗರು ತುಕ್ಕಿನೊಡನೆ ಕೂಡಿದರೆ ಹುಟ್ಟುವುದು ಮಸಿ! ಕೆಂಪು, ಹಸಿರು, ಹಳದಿಗಳನ್ನೆಲ್ಲ ನುಂಗಿ, ಒಂದು ತಾಸಿನಲ್ಲಿ ಕೌದಿ ಡಾಂಬರಿನಂತೆ ಮೇಲೆದ್ದಿತು.

ಮರಳಿ ಬಂದ ವಿನೋದಿನಿ ಕೌದಿ ಒಣಹಾಕಿದ್ದ ಹಗ್ಗದತ್ತ ನೋಡಿದಳು. "ಪಪ್ಪಾ, ಯೇ ಕ್ಯಾ ಹೈ? ಮಳಿಗೆ ಹೊಚ್ಚೂ ತಾಡಪತ್ರಿ ಯಾಕ ತಂದ್ರಿ?"

"ಬಣ್ಣದ ಮಾತು ಬಿಡವಾ! ಇನ್ನ ಇದರಾಗ ಒಂದ ಕ್ರಿಮಿ ಬದುಕಿದ್ರ ನಾ ಅಣವೀರಪ್ಪನ ಅಲ್ಲ!"

ಬೈಗುಳಕ್ಕೆ ಅವರು ಉತ್ತರಗಳನ್ನು ಸಜ್ಜಾಗಿಟ್ಟುಕೊಂಡಿದ್ದರು. ಆದರೆ ಅಂಬವ್ವ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು, ಮದುವೆ ಸೀರೆಯ ತುಂಡು ಯಾವುದೆಂದು ಹೊಲಿಗೆ ಹೊಲಿಗೆಯನ್ನೂ ಬೆರಳಿನಿಂದ ತಡವಿದಳು. ಮೂಗಿಗೆ ಹಿಡಿದಳು. ಬೇವು, ಬರೀ ಬೇವು.

"ನಮ್ಮವ್ವ ಸತ್ತು ಹನ್ನೊಂದು ವರ್ಷ ಆಗಿತ್ರಿ," ಎಂದಳು. "ಇವತ್ತ ನೀವು ಮಣ್ಣು ಮಾಡಿದ್ರಿ."