ಅನ್ನದಗುಳಿನ ಶಾಲೆ

ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಈ ಲೋಕದಲ್ಲಿ ಒಬ್ಬಳೇ ಶತ್ರು. ದುರದೃಷ್ಟಕ್ಕೆ ಅವಳು ನನ್ನ ಒಡಹುಟ್ಟಿದ ತಂಗಿ!

ನಾನು ವಸ್ತಾರೆ ಹತ್ತಿರದ ಎಸ್ಟೇಟೊಂದರಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು. ಐದಕ್ಕೆ ಏಳುವುದು, ಏಳಕ್ಕೆ ಗಂಟೆ ಹೊಡೆಸಿ ಆಳುಗಳ ಹಾಜರಿ ಕೂಗುವುದು. ನಿವೃತ್ತನಾದ ಮೇಲೂ ಏಳು ಗಂಟೆಗೆ ಕೈ ತಾನಾಗಿ ಗಂಟೆಯ ಹಗ್ಗ ಹುಡುಕುತ್ತಿತ್ತು. ಮಗ, ಸೊಸೆ ಹಗಲೆಲ್ಲ ತೋಟದಲ್ಲಿ. ನಾಲ್ಕು ವರ್ಷದ ಮೊಮ್ಮಗಳು ನನ್ನ ಮತ್ತು ನಮ್ಮಲ್ಲೇ ಇರುವ ತಂಗಿಯ ಪಾಲಿಗೆ. ಬರುವ ಮೇ ತಿಂಗಳಲ್ಲಿ ಅವಳನ್ನು ಚಿಕ್ಕಮಗಳೂರಿನ ಶಾಲೆಗೆ ಸೇರಿಸಬೇಕು. ಮಗುವಿಗೆ ಓದಲು, ಎಣಿಸಲು ಬರುತ್ತದೆಯೇ ಎಂದು ಪರೀಕ್ಷಿಸಿಯೇ ಅಲ್ಲಿ ಸೇರಿಸಿಕೊಳ್ಳುವುದು. ತೊಂಬತ್ತರ ದಶಕದ ಹೊಸ ಫ್ಯಾಷನ್!

ನಾನು ಬಿಡುತ್ತೇನೆಯೇ? ಏಳಕ್ಕೆ ಸರಿಯಾಗಿ ಸ್ಲೇಟು ಕೊಟ್ಟು, "ಅ" ನೂರು ಸಲ ತಿದ್ದಿಸಿದೆ. ಎಂಟನೆಯ ದಿನ ಸ್ಲೇಟು ಕಂಡದ್ದೇ ಮಗು ಮಂಚದ ಕೆಳಗೆ ಸೇರಿತು. ಕಡುಬಿನ ಆಸೆ ತೋರಿಸಿದರೂ ಬರಲಿಲ್ಲ.

"ಅದೇನು ಹಾಜರಿಗೆ ಬಂದ ಆಳಾ ಮಾರಾಯ?" ಎಂದು ತಂಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಣ್ಣಯ್ಯ, ಇನ್ಮೇಲೆ ಈ ಮಗು ನಂಗೆ ಬಿಡು. ಮೇ ತಿಂಗಳಿಗೆ ಓದಿಸ್ತೀನಿ."

"ಓದದಿದ್ರೆ?"

"ನಿನ್ನ ಸ್ಲೇಟಿಗೆ ನಾನೇ ಕೂರ್ತೀನಿ."

ಅಲ್ಲಿಂದ ನಮ್ಮ ಮನೆಗೆ ವೇಳಾಪಟ್ಟಿ ಹೋಗಿ, ಒಂದೊಂದು ವಸ್ತು ಹಿಡಿದು ಕಲಿಸುವ ವಾರಗಳು ಬಂದವು. ಮೊದಲನೆಯದು, ಹೇಳಲೂ ಮೈ ಜುಮ್ಮೆನ್ನುತ್ತದೆ, ಇಂಬಳದ ವಾರ. ಆಷಾಢದ ಮಳೆಯಲ್ಲಿ ತೋಟ ಸುತ್ತಿ ಬಂದು ಜಗಲಿಯಲ್ಲಿ ಕಾಲುಚೀಲ ಕಳಚಿದೆ. ಹಿಮ್ಮಡಿಯ ಮೇಲೊಂದು ಇಂಬಳ ರಕ್ತ ಹೀರುತ್ತ ಕೂತಿತ್ತು. ಕೀಳಲು ಕೈಹಾಕಿದ್ದೇ ತಡ, ಮೊಮ್ಮಗಳು ಬೆಂಕಿಕಡ್ಡಿ ಹಿಡಿದು ಓಡಿ ಬಂದಳು.

"ಅಜ್ಜ, ಅಲ್ಲಾಡ್ಬೇಡಿ! ಅಳೀಬೇಕು. ಒಂದು ಕಡ್ಡಿ ಉದ್ದ!"

"ಆಯ್ತಲ್ಲ, ಕೀಳ್ಲಾ?"

ಒಳಗಿಂದ ತಂಗಿಯ ಧ್ವನಿ: "ಸ್ವಲ್ಪ ತಡಿ ಮಾರಾಯ. ಹೊಟ್ಟೆ ತುಂಬಿದ ಮೇಲೆ ಎಷ್ಟಾಗುತ್ತೆ ಅಂತಾನೂ ನೋಡ್ಬೇಕು."

ವಿದ್ಯೆಗಾಗಿ ರಕ್ತ ಸುರಿಸಿದ ಅಜ್ಜಂದಿರು ಎಷ್ಟು ಜನ ಇದ್ದಾರು?

ಆಮೇಲೆ ಚೀಟಿಯ ವಾರ. ಹಳೆಯ ಕ್ಯಾಲೆಂಡರ್ ಹರಿದು, ಹೆಸರು ಬರೆದು, ಅನ್ನದಗುಳಿನಿಂದ ಅಂಟಿಸುವುದು. ಬಾಗಿಲಿಗೆ "ಬಾಗಿಲು", ಹಂಡೆಗೆ "ಹಂಡೆ", ಮಲಗಿದ್ದ ಬೆಕ್ಕನ್ನೂ ಬಿಡಲಿಲ್ಲ. ನಾನು ಕಂಡ ಕಂಡಲ್ಲಿ ಕಿತ್ತೆ; ಇವರು ಮತ್ತೆ ಅಂಟಿಸಿದರು. ಒಂದು ದಿನ ಚಿಕ್ಕಮಗಳೂರಿಗೆ ಹೊರಟೆ. ಬಸ್ಸಿನಲ್ಲಿ ಕಂಡಕ್ಟರ್, "ಅಜ್ಜ, ಮುಂದೆ ಹೋಗಿ" ಎಂದ. ಅಂಗಡಿಯಲ್ಲಿ, "ಅಜ್ಜಂಗೆ ಸ್ಟೂಲ್ ಕೊಡ್ರೋ." ಇನ್ನೂ ಅರವತ್ತು ದಾಟದ ನನಗೆ! ಸಿಟ್ಟಿನಿಂದ ಮನೆಗೆ ಬಂದು ಬೆನ್ನು ತಿರುಗಿಸಿದೆ. ಮಗು ನನ್ನ ಬೆನ್ನಿಗಂಟಿದ್ದ ಚೀಟಿಗೆ ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿತು: "ಅ... ಜ್ಜ."

ಅದು ಅವಳು ಓದಿದ ಮೊದಲ ಪದ.

ಕೊಯ್ಲು ಬಂದಾಗ ಹಣ್ಣಿನ ವಾರ. ನಾನು ಗುಡಿಸಿಟ್ಟ ಹಜಾರದ ತುಂಬ ಕಾಫಿ ಹಣ್ಣು! ಹತ್ತು ಹಣ್ಣಿಗೆ ಒಂದು ತೆಂಗಿನ ಕರಟ. ತೋಟದಲ್ಲಿ ಕೆಂಪು ಹಣ್ಣನ್ನಷ್ಟೇ ಕೊಯ್ಯುವ ಹಾಗೆ ಇಲ್ಲೂ ಕೆಂಪಿಗಷ್ಟೇ ಲೆಕ್ಕ. ಹಸಿರು ಕಾಯಿ ಮುಟ್ಟಿದರೆ ತಂಗಿ ಮೇಸ್ತ್ರಿಯ ಹಾಗೆ ಗದರುವಳು.

ಮೇ ಬಂತು. ಮಗುವನ್ನು ಕರೆದುಕೊಂಡು ಹೋದವನು ನಾನು. ತಂಗಿಗೆ ಬಸ್ಸು ಆಗದು. ಮುಖ್ಯೋಪಾಧ್ಯಾಯಿನಿ ತೋರಿಸಿದ ಪದಗಳನ್ನೆಲ್ಲ ಮೊಮ್ಮಗಳು ಓದಿದಳು. ಆಮೇಲೆ ಅವರು ಮೇಜಿನ ಮೇಲೆ ಬಣ್ಣದ ಮಣಿ ಸುರಿದು, "ಎಷ್ಟಿದೆ ಪುಟ್ಟಿ?" ಎಂದರು.

"ಒಂದು ಕರಟ, ಎರಡು ಹಣ್ಣು."

ನಾನು ನಡುವೆ ಬಾಯಿ ಹಾಕಿದೆ. "ಹನ್ನೆರಡು ಅಂತ, ಮೇಡಂ."

"ಇರೋದು ಹದಿನೈದು" ಎಂದು ಅವರು ಪೆನ್ನು ಎತ್ತಿಕೊಂಡರು. ಒಂದು ವರ್ಷ ನೀರುಪಾಲು ಎಂದು ನಾನು ಕಣ್ಣು ಮುಚ್ಚಿದೆ.

"ಮೂರು ಹಸಿರು" ಎಂದಳು ಮೊಮ್ಮಗಳು. "ಕಾಯಿ ಕಿತ್ರೆ ಮೇಸ್ತ್ರಿ ಬೈತಾರೆ."

ಮೇಡಂ ನಕ್ಕಿದ್ದು ಹೊರಗಿನ ವರಾಂಡಕ್ಕೂ ಕೇಳಿಸಿತು. ಸೀಟು ಸಿಕ್ಕಿತು. "ಯಾರು ಕಲಿಸಿದ್ದು?" ಎಂದು ಕೇಳಿದರು. ನಾನು ಕೋಟು ಸರಿಮಾಡಿಕೊಂಡು, "ಮನೇಲೇ" ಎಂದೆ. ತಂಗಿಯ ಹೆಸರು ಬಾಯಿಗೆ ಬರಲಿಲ್ಲ. ಏಕೆಂದು ಇವತ್ತಿಗೂ ತಿಳಿಯದು.

ಜೂನ್ ಮೊದಲ ವಾರ ಮೊಮ್ಮಗಳು ಹೊಸ ಛತ್ರಿ ಹಿಡಿದು ಶಾಲೆಯ ಬಸ್ಸು ಹತ್ತಿದಳು. ಹತ್ತುವ ಮೊದಲು ಚಿಕ್ಕಜ್ಜಿಯನ್ನು ತಬ್ಬಿದಳು. ತಂಗಿ ನಗುತ್ತಲೇ ಕೈಬೀಸಿ ಮನೆಯ ಕಡೆ ತಿರುಗಿದಳು. ಅವಳ ಬೆನ್ನ ಮೇಲೊಂದು ಚೀಟಿ. ಸೊಟ್ಟ ಸೊಟ್ಟ ಅಕ್ಷರ. ಅದು ತಂಗಿಯ ಕೈಬರಹವಲ್ಲ.

"ಶಾಲೆ" ಎಂದಿತ್ತು.

ದಾರಿಯುದ್ದಕ್ಕೂ ಅವಳ ಹಿಂದೆ ನಡೆದೆ. ಮಳೆಹನಿಗೆ ಚೀಟಿಯ ತುದಿ ಬಿಟ್ಟುಕೊಂಡಿತು. ಮನೆ ಸೇರಿದವನೇ ಅಡುಗೆಮನೆಗೆ ಹೋಗಿ ನಾಲ್ಕು ಅಗುಳು ಹಿಡಿದು ಬಂದೆ. ಚೀಟಿಗಳನ್ನು ಕೀಳುವುದೇ ಕೆಲಸವಾಗಿದ್ದ ಕೈ ಅಂದು ಮೊದಲ ಬಾರಿಗೆ ಒಂದನ್ನು ಒತ್ತಿ ಅಂಟಿಸಿತು.

"ಏನದು ಅಣ್ಣಯ್ಯ, ಬೆನ್ನ ಮೇಲೆ?"

"ಏನಿಲ್ಲ. ಇಂಬಳ."

ಅವಳು ತಿರುಗಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು:

"ಎಷ್ಟು ಕಡ್ಡಿ ಉದ್ದ?"