ಟಿ.ವಿ. ಡಬ್ಬದ ಮೇಲಿನ ಭಾಷೆ

ತುಮಕೂರಿನ ಒಂದು ಟಿ.ವಿ. ಅಂಗಡಿಯಲ್ಲಿ ನಾನು ಬಹಳ ವರ್ಷ ಫಿಟ್ಟರ್ ಆಗಿದ್ದೆ. ಟಿ.ವಿ. ಕೂರಿಸೋದು ಅರ್ಧ ಗಂಟೆಯ ಕೆಲಸ. ಡಬ್ಬದ ಮೇಲೆ ಬರೆದದ್ದಕ್ಕೆ ಅರ್ಥ ಹೇಳೋದರಲ್ಲಿ ಮಿಕ್ಕ ದಿನ ಕಳೆಯುತ್ತಿತ್ತು. ಕಂಪನಿಯವರು ವರ್ಷಕ್ಕೊಂದು ಹೊಸ ಪದ ಹುಟ್ಟಿಸುತ್ತಿದ್ದರು, ಗಿರಾಕಿಗಳು ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚುತ್ತಿದ್ದರು. ಇಬ್ಬರ ನಡುವೆ ಸ್ಕ್ರೂ ಡ್ರೈವರ್ ಹಿಡಿದು ನಿಲ್ಲುವವನು ನಾನು.

ಫ್ಲಾಟ್

ಗುಬ್ಬಿಯ ಒಬ್ಬ ಕೊಬ್ಬರಿ ವ್ಯಾಪಾರಿ ಫೋನಿನಲ್ಲೇ ಫ್ಲಾಟ್ ಟಿ.ವಿ. ಬೇಕೆಂದು ಹೇಳಿದರು. ತೊಂಬತ್ತರ ದಶಕದ ಕೊನೆ. ಆಗ ಫ್ಲಾಟ್ ಅಂದರೆ ಮುಂದಿನ ಗಾಜು ಮಾತ್ರ ಚಪ್ಪಟೆ, ಹಿಂದೆ ಎಂದಿನಂತೆ ದೊಡ್ಡ ಡುಬ್ಬ. ನಾನು ಹೋಗುವಷ್ಟರಲ್ಲಿ ಅವರು ನಡುಮನೆ ಗೋಡೆಯಲ್ಲಿ ನಾಲ್ಕು ಬೆರಳು ಆಳದ ಗೂಡು ಕೊರೆಸಿ, ಬಣ್ಣ ಬಳಿಸಿ, ನೋಡಲಿ ಅಂತ ನೆಂಟರನ್ನೂ ಕರೆಸಿದ್ದರು.

ಡಬ್ಬ ಬಿಚ್ಚಿದೆ. ವ್ಯಾಪಾರಿ ಟಿ.ವಿ.ಯನ್ನು ಒಂದು ಸುತ್ತು ಬಂದರು.

"ಮುಂದ್ಗಡೆ ಫ್ಲಾಟೇ ಸರಿ ಸಾಬ್ರೇ. ಹಿಂದ್ಗಡೆ ತುಂಬಿದ ಬಸುರಿ ಇದ್ದಂಗೈತಲ್ಲ."

ವಾಪಸ್ ಕಳಿಸಿದರೆ ನೆಂಟರ ಮುಂದೆ ಮರ್ಯಾದೆ ಹೋಗುತ್ತೆ. ಹಾಗಾಗಿ ಗಾರೆಯವನನ್ನು ಕರೆಸಿ ಗೂಡನ್ನು ಆಚೆ ಕಡೆಗೂ ಒಡೆಸಿದರು. ಟಿ.ವಿ.ಯ ಮುಖ ನಡುಮನೆಯಲ್ಲಿ, ಬೆನ್ನು ಅಡುಗೆಮನೆಯಲ್ಲಿ.

ಆರು ತಿಂಗಳ ಮೇಲೆ ಯಾವುದೋ ರಿಪೇರಿಗೆ ಹೋದರೆ ಆ ಬೆನ್ನಿನ ಮೇಲೆ ಒಂದು ಪಾತ್ರೆ ಕೂತಿತ್ತು. ಗಾಬರಿಯಿಂದ ಎತ್ತಲು ಹೋದೆ. ಅವರ ಹೆಂಡತಿ ಬಿಡಲಿಲ್ಲ. ಜಾಗ ಬೆಚ್ಚಗಿರುತ್ತೆ ಅಂತ ಅಲ್ಲೇ ಹಾಲಿಗೆ ಹೆಪ್ಪು ಹಾಕುತ್ತಾರಂತೆ. "ಕ್ರಿಕೆಟ್ ಇದ್ದ ದಿನ ಮೊಸರು ಚಾಕೂಲಿ ಕುಯ್ಯಂಗೆ ಬರ್ತದೆ ಕಣಪ್ಪ. ಬರೀ ವಾರ್ತೆ ನೋಡಿದ್ ದಿನ ನೀರ್ನೀರು."

ಸೆಟ್ ಟಾಪ್

ಕ್ಯಾತ್ಸಂದ್ರದಲ್ಲಿ ಒಬ್ಬ ನಿವೃತ್ತ ಹೆಡ್ ಮೇಷ್ಟ್ರು. ಗೋಡೆಗೆ ತೆಳ್ಳನೆಯ ಟಿ.ವಿ. ಹಾಕಿಸಿದ್ದರು. ನಾನು ಸೆಟ್ ಟಾಪ್ ಬಾಕ್ಸನ್ನು ಕೆಳಗಿನ ಮೇಜಿನ ಮೇಲಿಟ್ಟೆ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಡಬ್ಬದ ಮೇಲಿನ ಹೆಸರನ್ನು ಎರಡು ಸಲ ಓದಿದರು, ನನ್ನ ಕೈಲೂ ಓದಿಸಿದರು. ಎಲ್ಲಿಟ್ಟರೂ ನಡೆಯುತ್ತೆ ಸಾರ್ ಅಂದೆ.

"ಎಲ್ಲಿಟ್ಟರೂ ನಡೆಯೋದಾದ್ರೆ ಟಾಪ್ ಅಂತ ಯಾಕಪ್ಪ ಬರೀತಿದ್ರು?"

ಟಿ.ವಿ.ಯ ನೆತ್ತಿಯ ಮೇಲೆ ಬಡಗಿ ಕೈಲಿ ಹಲಗೆ ಹೊಡೆಸಿ ಬಾಕ್ಸನ್ನು ಅಲ್ಲಿಗೇರಿಸಿದ ಮೇಲೇ ನನಗೆ ಕಾಫಿ ಬಂತು. ಅದರ ಸಣ್ಣ ಗುಂಡಿ ಒತ್ತಬೇಕಾದಾಗಲೆಲ್ಲ ಮೇಷ್ಟ್ರು ಸ್ಟೂಲ್ ಹತ್ತಬೇಕಿತ್ತು. ಇಳಿದು ಬಂದು ಹೆಂಡತಿಗೆ ಹೇಳುತ್ತಿದ್ದರಂತೆ, ಈಗ ವ್ಯಾಕರಣ ಸರಿಯಾಗಿದೆ ಅಂತ.

ರೆಡಿ

ಕುಣಿಗಲ್‌ನಿಂದ ಒಬ್ಬ ಟೈಲರ್ ಬಂದ. ಎರಡು ಟಿ.ವಿ. ಪಕ್ಕಪಕ್ಕ ಇದ್ದವು. ಒಂದರ ಮೇಲೆ ಎಚ್.ಡಿ. ರೆಡಿ ಅಂತಿತ್ತು, ಇನ್ನೊಂದರ ಮೇಲೆ ಫುಲ್ ಎಚ್.ಡಿ. ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಿದ. ನಾನು ಚುಕ್ಕಿ, ಗೆರೆ, ಪಿಕ್ಸೆಲ್ ಅಂತ ಕಾಲು ಗಂಟೆ ಒದ್ದಾಡಿದೆ. ಕೊನೆಗೆ ಅವನೇ ನನ್ನ ಭುಜದ ಮೇಲೆ ಕೈಯಿಟ್ಟ.

"ಬುಡಿ ಅಣ್ಣ, ಅರ್ಥ ಆಯ್ತು. ಗಿರಾಕಿಗೆ ನಾನು ರೆಡಿ ಐತೆ ಅಂದ್ರೆ ಬಟ್ಟೆ ಇನ್ನೂ ಕತ್ರಿಸೇ ಇರಲ್ಲ. ನಂಗೆ ಫುಲ್ಲೇ ಕೊಡಿ."

ಅಂಗಡಿಯಲ್ಲಿ ಮುಂದೆ ಎಲ್ಲರಿಗೂ ನಾವು ಹೀಗೇ ವಿವರಿಸಿದೆವು.

ವೈಡ್

ನಮ್ಮ ಮನೆಗೇ ವೈಡ್ ಸ್ಕ್ರೀನ್ ತಂದ ದಿನ ಅಮ್ಮಿ, ನಿನ್ನ ಮದುವೆ ಸಿ.ಡಿ. ಹಾಕು ಅಂದರು. ಹಳೇ ಕಾಲದ ಚೌಕ ಚಿತ್ರ ಆ ಅಗಲದ ಪರದೆಗೆ ಹಿಗ್ಗಿಕೊಂಡಿತು. ಪರದೆಯ ಮೇಲೆ ಎಲ್ಲರೂ ಹತ್ತು ದಿನ ನೆನೆಸಿದ ಕಡಲೆಯ ಹಾಗೆ ಊದಿದ್ದರು. ನನ್ನ ಹೆಂಡತಿ ಮದುಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ತಪ್ಪು ಟಿ.ವಿ.ಯದು ಅಂತ ಹೇಳಿ, ರಿಮೋಟ್ ಒತ್ತಿ ಅಳತೆ ಸರಿಮಾಡಿದೆ. ಎಲ್ಲರೂ ತೆಳ್ಳಗಾದರು.

ಅಮ್ಮಿಗೆ ಮಾತ್ರ ಸಿಟ್ಟು ಬಂತು. ನಮ್ಮ ಅಬ್ಬಾ ಬದುಕಿದ್ದಷ್ಟು ದಿನ ಕಡ್ಡಿಯಂತಿದ್ದ ಮನುಷ್ಯ. ಎಷ್ಟು ಉಣಿಸಿದರೂ ಮೈಗೆ ಹತ್ತಿರಲಿಲ್ಲ.

"ಮೂವತ್ತು ವರ್ಷ ಬಿರಿಯಾನಿ ಹಾಕಿ ನನ್ನ ಕೈಲಿ ಆಗದ್ದನ್ನ ಈ ಟಿ.ವಿ. ಮಾಡಿತ್ತು. ಅದನ್ನೂ ಕೆಡಿಸಿದೆಯಲ್ಲೋ."

ಐದು ಪಾಯಿಂಟ್ ಒಂದು

ಸಿ.ಎಸ್. ಪುರದ ಕಡೆ ಮೂವರು ಅಣ್ಣತಮ್ಮಂದಿರ ದೊಡ್ಡ ಮನೆ. ಅಲ್ಲಿಗೆ ಹೋಂ ಥಿಯೇಟರ್ ಹಾಕಿದ್ದು ನಾನೇ. ಐದು ಸ್ಪೀಕರು, ಒಂದು ವೂಫರು, ಅದಕ್ಕೇ ಐದು ಪಾಯಿಂಟ್ ಒಂದು ಅಂತ ಹೇಳಿದ್ದೆ. ನಡುವಿನ ಸ್ಪೀಕರಲ್ಲಿ ಮಾತು, ಮಿಕ್ಕವುಗಳಲ್ಲಿ ಹಾಡು, ಗಾಳಿ, ಮಳೆ, ವೂಫರಲ್ಲಿ ಗುಡುಗು.

ಒಂದು ವರ್ಷ ಬಿಟ್ಟು ಹಿರಿಯಣ್ಣ ಫೋನ್ ಮಾಡಿ, ಮಾತು ಬರುತ್ತಿಲ್ಲ ಅಂದರು. ಹೋಗಿ ನೋಡಿದರೆ ಮನೆಯೊಳಗೆ ಎರಡು ಹೊಸ ಗೋಡೆ ಎದ್ದಿದ್ದವು. ಮನೆ ಪಾಲಾಗಿತ್ತು. ಪಂಚಾಯ್ತಿಗೆ ಕೂತ ಹಿರಿಯರು ಪೆಟ್ಟಿಗೆ ಆರು, ಜನ ಮೂರು, ಆಳಿಗೆ ಎರಡು ಅಂತ ಹಂಚಿಬಿಟ್ಟಿದ್ದರು. ವೈರು ಗೋಡೆಗಳನ್ನು ತೂರಿಕೊಂಡು ಹೋಗಿತ್ತು. ಟಿ.ವಿ. ದೊಡ್ಡವರ ಮನೆಯಲ್ಲಿ, ಮಾತು ಮಧ್ಯದವರ ಮನೆಯಲ್ಲಿ, ಗುಡುಗು ಕಿರಿಯವನ ಮನೆಯಲ್ಲಿ.

ದೊಡ್ಡವರ ಹೆಂಡತಿ ಧಾರಾವಾಹಿಯಲ್ಲಿ ಬಾಯಿ ಅಲ್ಲಾಡೋದು ನೋಡುತ್ತಿದ್ದರು. ಮಧ್ಯದವರ ಹೆಂಡತಿ ಯಾರು ಬೈಯುತ್ತಿದ್ದಾರೆ ಅಂತ ಗೊತ್ತಿಲ್ಲದೆ ಬೈಗುಳ ಕೇಳುತ್ತಿದ್ದರು. ಕಿರಿಯವನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ, "ಕತೆ ಒಂದೂ ತಿಳೀತಿಲ್ಲ ಸಾಬ್ರೇ. ಅದ್ರಲ್ಲಿ ಯಾರಾದ್ರೂ ಸತ್ರೆ ಮಾತ್ರ ನಮ್ಮನೆ ತಟ್ಟೆ ಲೋಟ ಅಲ್ಲಾಡ್ತವೆ."

ಆರೂ ಒಂದೇ ಕೋಣೆಯಲ್ಲಿರಬೇಕು, ಇಲ್ಲದಿದ್ದರೆ ಇದು ಕೆಲಸಕ್ಕೆ ಬರಲ್ಲ ಅಂತ ನಾನು ಕೈಮುಗಿದೆ. ಮೂವರೂ ಬಹಳ ಹೊತ್ತು ಯೋಚಿಸಿದರು. ಸಂಜೆ ತಂತಮ್ಮ ಪೆಟ್ಟಿಗೆ ತರೋದು, ನೋಡೋದು, ವಾಪಸ್ ಒಯ್ಯೋದು ಅಂತ ತೀರ್ಮಾನವಾಯಿತು. ಅವತ್ತೇ ಶುರು. ಪಾಲಾದ ಮೇಲೆ ಮೊದಲ ಸಲ ಮೂರೂ ಸಂಸಾರ ಒಂದೇ ಚಾಪೆಯ ಮೇಲೆ ಕೂತದ್ದು ನೋಡಿ ನನಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಕಾಫಿ ಬಂತು. ದೊಡ್ಡವರ ಹೆಂಡತಿ ವಾರಗಿತ್ತಿಗೆ ಲೋಟ ಕೊಡುತ್ತಾ, ನಮ್ಮನೆ ಕಾಫೀಲಿ ಹಾಲೂ ಇರುತ್ತೆ ಅಂದರು. ಮಧ್ಯದವರ ಹೆಂಡತಿ ಲೋಟ ಕೆಳಗಿಟ್ಟು ಎದ್ದರು. ಮಧ್ಯದವರು ತಮ್ಮ ಎರಡು ಸ್ಪೀಕರ್ ಕಿತ್ತು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಟಿ.ವಿ.ಯಲ್ಲಿ ಅತ್ತೆ ಸೊಸೆಯತ್ತ ಬೆರಳು ತೋರಿಸಿ, ಬಾಯಿ ಮಾತ್ರ ತೆರೆದು ಮುಚ್ಚುತ್ತಿದ್ದಳು.

ಹಿರಿಯಣ್ಣ ತಲೆ ಮೇಲೆ ಕೈಹೊತ್ತು ಕೂತರು. ಕಿರಿಯವನು ಎದ್ದು ಹೋಗಿ ಅವರ ಪಕ್ಕ ಕೂತು, ತನ್ನ ವೂಫರನ್ನು ಹತ್ತಿರ ಎಳೆದುಕೊಂಡು, ಅದರ ಬೆನ್ನು ತಟ್ಟಿದ.

"ಹೋಗ್ಲಿ ಬುಡಣ್ಣ. ಮಾತು ಹೋದ್ರೆ ಹೋಯ್ತು. ಗುಡುಗು ನಮ್ ಕಡೇನೇ ಐತೆ."